ಎರಡನೇ ರಾತ್ರಿಯ ಸನ್ನಿ

ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ ಎಂಬತ್ತರ ಅಜ್ಜಿಗೆ ರಾಡ್ ಹಾಕಿ, ಎಕ್ಸ್‌ರೇ ತೋರಿಸಿ, ‘ನಾಳೆಯಿಂದ ವಾಕರ್ ಹಿಡಿಸಿ ನಡೆಸೋಣ’ ಎಂದು ಸರ್ಜನ್ ಹೇಳಿ ಹೋಗಿರುತ್ತಾರೆ. ಮೊದಲ ದಿನ ಅಜ್ಜಿ ಕಾಫಿ ಕೇಳಿ ಕುಡಿದಿದ್ದಾರೆ, ಮೊಮ್ಮಗನ ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದ್ದಾರೆ. ಎರಡನೇ ರಾತ್ರಿ, ಸರಿಹೊತ್ತಿನಲ್ಲಿ, ವಾರ್ಡಿನಿಂದ ಮಗನಿಗೆ ಫೋನು: ‘ನಿಮ್ಮ ತಾಯಿ ಹೇಗೇಗೋ ಆಡ್ತಿದಾರೆ ಸರ್, ಡ್ರಿಪ್ ಕಿತ್ತು ಹಾಕಿದಾರೆ, ಬೇಗ ಬನ್ನಿ.’ ಓಡಿ ಬಂದ ಮಗನನ್ನು ‘ಯಾರಪ್ಪ ನೀನು?’ ಎನ್ನುತ್ತಾರೆ. ಸಲೈನ್ ಸ್ಟ್ಯಾಂಡಿನ ಕಡೆ ಕೈ ತೋರಿಸಿ, ಎಂದೋ ತೀರಿಕೊಂಡ ತಮ್ಮನನ್ನು ‘ಪಾಪ, ಎಷ್ಟು ಹೊತ್ತಿಂದ ನಿಂತಿದಾನೆ, ಒಳಗೆ ಕರಿ’ ಎನ್ನುತ್ತಾರೆ. ಬೆಳಗ್ಗೆ ಡಾಕ್ಟರು ರೌಂಡ್ಸಿಗೆ ಬಂದಾಗ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ. ಸಂಜೆಯಾಗುತ್ತಲೇ ಮತ್ತೆ ಶುರು.

ಬೆಂಗಳೂರಿನ ಯಲಹಂಕದಿಂದ ಯಶವಂತಪುರದವರೆಗೆ ಯಾವ ಆಸ್ಪತ್ರೆಯ ಮೂಳೆ ವಾರ್ಡಿನ ನರ್ಸನ್ನಾದರೂ ಕೇಳಿ, ಈ ಕಥೆಯನ್ನು ನೀವು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಅವರೇ ಹೇಳಿ ಮುಗಿಸುತ್ತಾರೆ. ನಮ್ಮ ಹಿರಿಯರು ಇದನ್ನು ಸನ್ನಿ ಎನ್ನುತ್ತಿದ್ದರು, ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಮನೆಯವರು ಮಾತ್ರ ಕಾರಿಡಾರಿನಲ್ಲಿ ನಿಂತು ಬೇರೆಬೇರೆ ಕಾರಣ ಹುಡುಕುತ್ತಿರುತ್ತಾರೆ. ಅನಸ್ತೇಷಿಯಾ ಜಾಸ್ತಿ ಕೊಟ್ಟಿರಬೇಕು ಎಂದು ಒಬ್ಬರು. ವಯಸ್ಸಾಯಿತಲ್ಲ ಎಂದು ಇನ್ನೊಬ್ಬರು. ಊರಿನಿಂದ ಬಂದ ಚಿಕ್ಕಮ್ಮ ಮಾತ್ರ ಒಂದು ಬೇರೆಯೇ ಮಾತು ಹೇಳುತ್ತಾರೆ: ‘ಅವರಮ್ಮನಿಗೂ ಗರ್ಭಕೋಶದ ಆಪರೇಷನ್ ಆದಾಗ ಹೀಗೇ ಆಗಿತ್ತು ಕಣೋ.’

ಈ ಅಧ್ಯಾಯ ಚಿಕ್ಕಮ್ಮನ ಮಾತನ್ನು ಹಿಡಿದು ಹೊರಟಿದ್ದು. ಆಪರೇಷನ್ ನಂತರದ ಮತಿಗೊಂದಲ ವಂಶದಲ್ಲಿ ಹರಿದು ಬರುತ್ತದೆಯೆ? ಬರುವುದಾದರೆ ಎಷ್ಟು? ಅದನ್ನು ಮೊದಲೇ ರಕ್ತದಲ್ಲಿ ಓದಿಬಿಟ್ಟರೆ ಏನಾದರೂ ಲಾಭವಿದೆಯೆ?

ಅದಕ್ಕೂ ಮೊದಲು ಅನಸ್ತೇಷಿಯಾದ ಮೇಲಿನ ಆರೋಪವನ್ನು ವಿಚಾರಿಸಿಬಿಡಬೇಕು, ಏಕೆಂದರೆ ಅದು ಹಳೆಯದು. 1955ರಲ್ಲಿ ಬೆಡ್‌ಫರ್ಡ್ ಎಂಬ ಬ್ರಿಟಿಷ್ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವೃದ್ಧರ ಮಿದುಳಿನ ಮೇಲೆ ಅರಿವಳಿಕೆಯ ದುಷ್ಪರಿಣಾಮದ ಬಗ್ಗೆ ಬರೆದರು. ಆಪರೇಷನ್ ಆದ ಮೇಲೆ ಮೊದಲಿನಂತಾಗಲೇ ಇಲ್ಲ ಎಂದು ಮನೆಯವರು ಹೇಳಿದ ರೋಗಿಗಳ ಕಥೆಗಳು ಅವು. ನಲವತ್ತು ವರ್ಷಗಳ ನಂತರ ಹಲವು ದೇಶಗಳ ಅರಿವಳಿಕೆ ತಜ್ಞರು ಕೂಡಿ ಅದನ್ನು ಅಳೆದೇ ನೋಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 60 ದಾಟಿದ 1218 ರೋಗಿಗಳಿದ್ದರು. ವಾರದ ನಂತರ ನೆನಪು, ಗಮನ, ಚುರುಕಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಶೇ. 25.8, ಮೂರು ತಿಂಗಳ ನಂತರವೂ ಹಿಂದೆಯೇ ಉಳಿದವರು ಶೇ. 9.9. ಆಪರೇಷನ್ ಟೇಬಲ್ ಮೇಲೆ ಆಮ್ಲಜನಕ ಕಡಿಮೆಯಾಗಿದ್ದೋ ರಕ್ತದೊತ್ತಡ ಬಿದ್ದಿದ್ದೋ ಕಾರಣವಾಗಿರಬೇಕು ಎಂಬ ಅನುಮಾನ ಇಟ್ಟುಕೊಂಡೇ ಅವರು ಹೊರಟಿದ್ದರು. ಎರಡೂ ಹೌದೆನ್ನಲಿಲ್ಲ. ಹೌದೆಂದವು ಬೇರೆ: ಹೆಚ್ಚಿದ ವಯಸ್ಸು, ಕಡಿಮೆ ಓದು, ಎರಡನೇ ಸಲದ ಆಪರೇಷನ್, ಆನಂತರದ ಸೋಂಕು.

ಹಾಗಾದರೆ ಪೂರ್ತಿ ಮಲಗಿಸುವ ಬದಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದರೆ? ನಮ್ಮಲ್ಲಿ ಅನೇಕ ಮನೆಯವರು ಸ್ಪೈನಲ್ಲೇ ಕೊಡಿ ಡಾಕ್ಟ್ರೇ ಎಂದು ಪಟ್ಟು ಹಿಡಿಯುವುದು ಇದೇ ನಂಬಿಕೆಯಿಂದ. ಸೊಂಟ ಮುರಿದ ರೋಗಿಗಳ ಮೇಲೆಯೇ ಇದರ ಪರೀಕ್ಷೆ ನಡೆದಿದೆ. ಅಮೆರಿಕ ಮತ್ತು ಕೆನಡಾದಲ್ಲಿ 1600 ಜನರ ಅಧ್ಯಯನ (2021): ಸನ್ನಿಯಾದವರು ಸ್ಪೈನಲ್ ಗುಂಪಿನಲ್ಲಿ ಶೇ. 20.5, ಪೂರ್ಣ ಅರಿವಳಿಕೆಯ ಗುಂಪಿನಲ್ಲಿ ಶೇ. 19.7. ಮರುವರ್ಷ ಚೀನಾದ 950 ಜನರ ಅಧ್ಯಯನದಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಸ್ಪೈನಲ್‌ಗೆ ತನ್ನದೇ ಬೇರೆ ಅನುಕೂಲಗಳಿರಬಹುದು. ಸನ್ನಿಯನ್ನು ತಪ್ಪಿಸುವುದು ಅವುಗಳಲ್ಲಿ ಸೇರಿಲ್ಲ.

ಒಂದೇ ಹೆಸರಿನಡಿ ಕರೆಯುತ್ತಿದ್ದ ಹಲವು ಸ್ಥಿತಿಗಳನ್ನು 2018ರಲ್ಲಿ ತಜ್ಞರ ತಂಡವೊಂದು ವಿಂಗಡಿಸಿತು. ದಿನದೊಳಗೆ ಏರಿಳಿಯುತ್ತ, ಗಮನವನ್ನೇ ಕೆಡಿಸುವ ತೀವ್ರ ಗೊಂದಲ ಡೆಲಿರಿಯಂ. ಗದ್ದಲವಿಲ್ಲದೆ ನೆನಪು ಮತ್ತು ಚುರುಕು ತುಸು ಕುಂದಿ ಮೂವತ್ತು ದಿನದೊಳಗೆ ಸರಿಹೋದರೆ ಅದು ತಡವಾದ ಚೇತರಿಕೆ. ಅದರಾಚೆಗೂ ವರ್ಷದವರೆಗೆ ಎಳೆದರೆ ಆಪರೇಷನ್ ನಂತರದ ಅರಿವಿನ ಕುಸಿತ. ಈ ವಿಂಗಡಣೆ ಮುಂದೆ ಬರುವ ಜೀನ್‌ಗಳ ಕಥೆಗೆ ಬೇಕು, ಏಕೆಂದರೆ ಒಂದಕ್ಕೆ ಹೊಂದಿದ ಜೀನ್ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

ಅರಿವಳಿಕೆ ಮತ್ತು ಜೀನ್ ಎಂದೊಡನೆ ದಕ್ಷಿಣ ಭಾರತದ ಅರಿವಳಿಕೆ ತಜ್ಞರಿಗೆ ಮೊದಲು ನೆನಪಾಗುವುದು ಸನ್ನಿಯಲ್ಲ, ಸ್ಕೋಲಿನ್. ಗಂಟಲಿಗೆ ಕೊಳವೆ ಇಳಿಸುವ ಮುನ್ನ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಇದು, ಶಾಸ್ತ್ರೀಯ ಹೆಸರು ಸಕ್ಸಿನೈಲ್‌ಕೋಲಿನ್. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಇದನ್ನು ಬೇಗಬೇಗ ಒಡೆದುಹಾಕುವುದರಿಂದ ಐದು-ಹತ್ತು ನಿಮಿಷದಲ್ಲಿ ಪರಿಣಾಮ ಮುಗಿಯುತ್ತದೆ. ಆ ಕಿಣ್ವವೇ ಇಲ್ಲದವರಿಗೆ ಕೊಟ್ಟರೆ ಗಂಟೆಗಟ್ಟಲೆ ಉಸಿರಾಟದ ಸ್ನಾಯು ಕದಲುವುದಿಲ್ಲ. ವೆಂಟಿಲೇಟರ್ ಮೇಲಿಟ್ಟು ಕಾಯಬೇಕು. ಇದನ್ನೇ ‘ಸ್ಕೋಲಿನ್ ಆಪ್ನಿಯಾ’ ಎನ್ನುತ್ತಾರೆ. ಟೊರಾಂಟೊದ ವರ್ನರ್ ಕಾಲೊ 1957ರಲ್ಲಿ ಇದಕ್ಕೊಂದು ರಕ್ತಪರೀಕ್ಷೆ ಕಂಡುಹಿಡಿದು, ಇದು ವಂಶದಲ್ಲಿ ಬರುವ ದೋಷವೆಂದು ತೋರಿಸಿದರು. ಔಷಧ ಮತ್ತು ಜೀನ್‌ಗಳ ಸಂಬಂಧವನ್ನು ಹುಡುಕುವ ಒಂದಿಡೀ ವಿಜ್ಞಾನವೇ ಇಲ್ಲಿಂದ ಬೆಳೆಯಿತು.

ಯುರೋಪ್, ಅಮೆರಿಕಗಳಲ್ಲಿ ಈ ಕಿಣ್ವ ಪೂರ್ತಿ ಇಲ್ಲದವರು ಲಕ್ಷಕ್ಕೊಬ್ಬರು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ರತ್ನಂ ಬೂಪತಿ ಮತ್ತು ಸಂಗಡಿಗರು ಅಲ್ಲಿನ ವೈಶ್ಯ ಸಮುದಾಯದವರ ರಕ್ತ ಪರೀಕ್ಷಿಸಿದಾಗ ಕಂಡಿದ್ದು ಇಪ್ಪತ್ತನಾಲ್ಕಕ್ಕೊಬ್ಬರು! ಮೂರನೇ ವರ್ಣತಂತುವಿನ ಬಿಸಿಎಚ್‌ಇ ಎಂಬ ಜೀನ್‌ನಲ್ಲಿ ಒಂದೇ ಒಂದು ಬದಲಾವಣೆ. ಪ್ರೋಟೀನಿನ 307ನೇ ಸ್ಥಾನದಲ್ಲಿ ಲ್ಯೂಸೀನ್ ಇರಬೇಕಾದಲ್ಲಿ ಪ್ರೋಲೀನ್. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ಹರಡಿರುವ ಈ ಸಮುದಾಯ ಶತಮಾನಗಳಿಂದ ತನ್ನೊಳಗೇ ಹೆಣ್ಣು ತಂದು ಹೆಣ್ಣು ಕೊಟ್ಟಿದ್ದರ ಫಲ ಇದು. ಯಶವಂತಪುರದ ಎಪಿಎಂಸಿ ಯಾರ್ಡಿನ ಶೆಟ್ಟರ ಮಂಡಿಗಳಲ್ಲಿ ಕೇಳಿದರೆ ‘ನಮ್ಮಲ್ಲಿ ಯಾರಿಗೋ ಆಪರೇಷನ್ ಆದ ಮೇಲೆ ಎಚ್ಚರವೇ ಆಗಲಿಲ್ಲವಂತೆ’ ಎಂಬ ಕಥೆ ಸಿಕ್ಕರೆ ಅಚ್ಚರಿಯಿಲ್ಲ. ಇದು ಒಂದು ಜಾತಿಯ ವಿಶೇಷವೆಂದು ಬೇರೆಯವರು ಬೀಗಬೇಕಾಗಿಯೂ ಇಲ್ಲ. ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ಹಾರ್ವರ್ಡ್ ತಂಡಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಪೈಕಿ 81ರಲ್ಲಿ ಇಂಥ ಒಳಮದುವೆಯ ಗುರುತು, ಅದಕ್ಕೇ ಹೆಸರಾದ ಫಿನ್ನರು ಮತ್ತು ಯುರೋಪಿನ ಯಹೂದಿಗಳಿಗಿಂತ ಗಾಢವಾಗಿತ್ತು.

ಸ್ಕೋಲಿನ್ ಕಥೆಯಲ್ಲಿ ಎಲ್ಲವೂ ನೇರ. ಒಂದು ಜೀನ್, ಒಂದು ಕಿಣ್ವ, ಒಂದು ಔಷಧ. ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದವರು ಬಂದಾಗ ಮಾಡುವ ಅದೇ ಕೋಲಿನೆಸ್ಟರೇಸ್ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಕಿಣ್ವ ಇಲ್ಲವೆಂದರೆ ಬೇರೆ ಔಷಧ ಬಳಸಿದರಾಯಿತು. ಅಲ್ಲಿ ನಿಂತುಹೋಗುವುದು ಸ್ನಾಯು ಮಾತ್ರ, ಬುದ್ಧಿ ಕೆಡುವುದಿಲ್ಲ. ಸನ್ನಿಗೂ ಇಂಥದೇ ಒಂದು ಜೀನ್ ಸಿಕ್ಕಿಬಿಡಬಹುದೆಂದು ಎಷ್ಟೋ ಜನ ಆಸೆಯಿಂದ ಹುಡುಕಿದರು.

ಅದೇ ಕಿಣ್ವದ ಬೆನ್ನು ಹತ್ತಿದವರೂ ಇದ್ದಾರೆ. ಗಮನ ಮತ್ತು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನೂ ಇದು ಒಡೆಯುತ್ತದೆ. ಪೋರ್ಚುಗಲ್‌ನಲ್ಲಿ ಸೊಂಟದ ಕೀಲು ಬದಲಿಸಿಕೊಂಡ ವೃದ್ಧರಲ್ಲಿ, ಆಪರೇಷನ್ನಿಗೆ ಮೊದಲೇ ಈ ಕಿಣ್ವ ಕಡಿಮೆಯಿದ್ದವರಿಗೆ ಸನ್ನಿ ಹೆಚ್ಚು ಬಂತು ಎಂದು 2011ರ ವರದಿಯೊಂದು ಹೇಳಿತು. ತರ್ಕವನ್ನು ಇನ್ನೊಂದು ಕಡೆಯಿಂದ ನೋಡಿದರೆ, ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಹೆಚ್ಚಿಸುವ ರಿವಾಸ್ಟಿಗ್ಮಿನ್ ಔಷಧ ಕೊಟ್ಟರೆ ಸನ್ನಿ ಇಳಿಯಬೇಕಲ್ಲ? ನೆದರ್ಲೆಂಡ್ಸ್‌ನ ಐಸಿಯುಗಳಲ್ಲಿ ಕೊಟ್ಟು ನೋಡಿದರು. ಔಷಧ ತಗೊಂಡವರಲ್ಲೇ ಸಾವು ಹೆಚ್ಚು ಕಂಡು, 2010ರಲ್ಲಿ ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮಿದುಳಿನ ವಿಷಯದಲ್ಲಿ ತರ್ಕ ಎಷ್ಟೇ ಚೊಕ್ಕವಾಗಿದ್ದರೂ ಹಾಸಿಗೆಯ ಪಕ್ಕದಲ್ಲಿ ಕೈಕೊಡುವುದು ಹೊಸದೇನಲ್ಲ.

ಈಗ ಮುಖ್ಯ ಆರೋಪಿಯ ಕಡೆ ಬರೋಣ. ಹತ್ತೊಂಬತ್ತನೇ ವರ್ಣತಂತುವಿನಲ್ಲಿ ಅಪೋ-ಇ ಎಂಬ ಜೀನ್ ಇದೆ. ಮಿದುಳಿನೊಳಗೆ ಕೊಲೆಸ್ಟರಾಲನ್ನು ಒಂದು ಕೋಶದಿಂದ ಇನ್ನೊಂದಕ್ಕೆ ಹೊತ್ತು ಕೊಡುವ ಪ್ರೋಟೀನಿನ ನಕ್ಷೆ ಅದು. ಮನುಷ್ಯರಲ್ಲಿ ಇದು ಇ2, ಇ3, ಇ4 ಎಂಬ ಮೂರು ಬಗೆಗಳಲ್ಲಿ ಸಿಗುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬರಿಗೂ ಎರಡು ಪ್ರತಿ. ಬಹುತೇಕರಲ್ಲಿ ಇರುವುದು ಇ3. ಇದರ 299 ಅಮೈನೋ ಆಮ್ಲಗಳಲ್ಲಿ 112ನೆಯದು ಸಿಸ್ಟೀನ್ ಬದಲು ಆರ್ಜಿನೀನ್ ಆದರೆ ಇ4. ಸುಮಾರು 300 ಕೋಟಿ ಅಕ್ಷರಗಳ ನಮ್ಮ ಜೀನೋಮಿನಲ್ಲಿ ಒಂದಕ್ಷರದ ವ್ಯತ್ಯಾಸ. ಅಷ್ಟಕ್ಕೇ ಪ್ರೋಟೀನಿನ ಮಡಿಕೆ ಬದಲಾಗುತ್ತದೆ, ಮಿದುಳಿನಲ್ಲಿ ಸೇರುವ ಅಮಿಲಾಯ್ಡ್ ಕಸ ತೆರವಾಗುವುದು ನಿಧಾನವಾಗುತ್ತದೆ, ಮಿದುಳಿನ ಕಾವಲು ಕೋಶಗಳು ಸಣ್ಣ ಕಾರಣಕ್ಕೂ ರೇಗುತ್ತವೆ.

1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು ಆಲ್ಜೈಮರ್ಸ್ ಹರಿದುಬಂದಿದ್ದ 42 ಕುಟುಂಬಗಳನ್ನು ಪರಿಶೀಲಿಸಿತು. ಇ4 ಒಂದೂ ಇಲ್ಲದವರಲ್ಲಿ ಕಾಯಿಲೆ ಶುರುವಾದ ಸರಾಸರಿ ವಯಸ್ಸು 84. ಎರಡು ಪ್ರತಿ ಇದ್ದವರಲ್ಲಿ 68. ಮರೆವಿನ ಕಾಯಿಲೆಗೂ ಆಪರೇಷನ್ ನಂತರದ ಮರೆವಿಗೂ ನಂಟಿರಬೇಕಲ್ಲ ಎಂದು ಅದೇ ಡ್ಯೂಕ್‌ನ ಹೃದಯ ಶಸ್ತ್ರಚಿಕಿತ್ಸೆಯವರಿಗೆ ಹೊಳೆಯಿತು. 1997ರಲ್ಲಿ ಅವರ ಪುಟ್ಟ ವರದಿ ಬಂತು: ಬೈಪಾಸ್ ಆದ ಮೇಲೆ ಮನಸ್ಸಿನ ಚುರುಕು ಕುಂದುವುದಕ್ಕೂ ಇ4ಗೂ ಸಂಬಂಧವಿದೆ. 2001ರಲ್ಲಿ ಅವರೇ 261 ಬೈಪಾಸ್ ರೋಗಿಗಳನ್ನು ಹಿಂಬಾಲಿಸಿದ ಲೆಕ್ಕ ಕೊಟ್ಟರು. ಆಸ್ಪತ್ರೆ ಬಿಡುವಾಗ ಶೇ. 53 ಜನರಲ್ಲಿ ಕುಸಿತ, ಆರು ತಿಂಗಳಿಗೆ ಅದು ಶೇ. 24ಕ್ಕೆ ಇಳಿಯಿತು, ಐದು ವರ್ಷಕ್ಕೆ ಮತ್ತೆ ಶೇ. 42ಕ್ಕೆ ಏರಿತು. ಎದೆ ಬಿಚ್ಚಿದ್ದರಿಂದಲೇ ಹೀಗಾಯಿತೋ, ಹೃದಯವನ್ನು ಕೆಡಿಸಿದ ಬಿಪಿ, ಸಕ್ಕರೆಗಳೇ ಮಿದುಳಿನ ರಕ್ತನಾಳಗಳನ್ನೂ ಕೆಡಿಸುತ್ತಿದ್ದವೋ? ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ.

ಆಮೇಲೆ ಶುರುವಾಯಿತು ಎಳೆದಾಟ. ಮೇಲೆ ಹೇಳಿದ 1998ರ ಅಧ್ಯಯನದ ತಂಡ 2004ರಲ್ಲಿ 976 ರೋಗಿಗಳ ಅಪೋ-ಇ ಓದಿ, ವಾರದ ಅಥವಾ ಮೂರು ತಿಂಗಳ ಕುಸಿತಕ್ಕೂ ಇದಕ್ಕೂ ಸಂಬಂಧ ಕಾಣದು ಎಂದಿತು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ 190 ವೃದ್ಧರ ವರದಿ ಬಂತು: ಕುಸಿತ ಬಿಡಿ, ಮೊದಲ ದಿನಗಳ ಸನ್ನಿ ಇ4 ಇರುವವರಲ್ಲಿ ಖಂಡಿತ ಹೆಚ್ಚು. ಬಾಸ್ಟನ್‌ನ 560 ಜನರ ಅಧ್ಯಯನದವರು ಸನ್ನಿಗೂ ಸಂಬಂಧವಿಲ್ಲ ಎಂದರು. ಡೋಪಮೀನ್‌ಗೆ ಸೇರಿದ ಜೀನ್‌ಗಳು, ಉರಿಯೂತದ ಜೀನ್‌ಗಳು, ಹೀಗೆ ಬೇರೆ ಹೆಸರುಗಳೂ ಒಂದೊಂದಾಗಿ ಬಂದವು. ಇನ್ನೂರು ಮುನ್ನೂರು ಜನರ ಅಧ್ಯಯನದಲ್ಲಿ ಹೊಳೆದದ್ದು ಮುಂದಿನ ಅಧ್ಯಯನದಲ್ಲಿ ಮಂಕಾಯಿತು.

ಗಂಟು ಸ್ವಲ್ಪ ಸಡಿಲವಾದದ್ದು ಎರಡು ಕಡೆಯಿಂದ. ಬಾಸ್ಟನ್‌ನ ಅದೇ ತಂಡ 2020ರಲ್ಲಿ ಪ್ರಶ್ನೆಯನ್ನೇ ಬದಲಿಸಿ ಕೇಳಿತು. ಇ4 ಇದ್ದವರಿಗೆಲ್ಲ ಸನ್ನಿ ಬರುತ್ತದೆಯೇ ಎನ್ನುವ ಬದಲು, ಆಪರೇಷನ್ ನಂತರ ದೇಹದಲ್ಲಿ ಉರಿಯೂತ ಹೆಚ್ಚಿದಾಗ ಇ4 ಇದ್ದವರಿಗೂ ಇಲ್ಲದವರಿಗೂ ಏನು ವ್ಯತ್ಯಾಸ ಎಂದು. ಸಿಆರ್‌ಪಿ ಎಂಬ ರಕ್ತಪರೀಕ್ಷೆ ಕೋವಿಡ್ ಕಾಲದಲ್ಲಿ ನಮ್ಮೆಲ್ಲರಿಗೂ ಪರಿಚಯವಾಗಿದೆಯಲ್ಲ, ಅದೇ ಅಳತೆಗೋಲು. ಇ4 ಇದ್ದವರಲ್ಲಿ ಸಿಆರ್‌ಪಿ ಏರಿದಷ್ಟೂ ಸನ್ನಿಯ ಸಾಧ್ಯತೆ ಏರಿತು. ಇ4 ಇಲ್ಲದವರಲ್ಲಿ ಆ ಸಂಬಂಧವೇ ಕಾಣಲಿಲ್ಲ. ಜೀನ್ ಒಂದೇ ಸಾಲದು, ಏಟೂ ಬೀಳಬೇಕು. ಇನ್ನೊಂದು ಕಡೆಯಿಂದ, ಬ್ರಿಟನ್, ಫಿನ್‌ಲೆಂಡ್, ಅಮೆರಿಕಗಳ ಜೀನ್ ಭಂಡಾರಗಳನ್ನು ಜೋಡಿಸಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದ ಅಧ್ಯಯನ 2025ರಲ್ಲಿ ಬಂತು. ಆಪರೇಷನ್ನಿನದಷ್ಟೇ ಅಲ್ಲ, ಎಲ್ಲ ಕಾರಣದ ಡೆಲಿರಿಯಂ ಅದರಲ್ಲಿತ್ತು. ಇಡೀ ಜೀನೋಮಿನಲ್ಲಿ ಎದ್ದು ಕಂಡದ್ದು ಮತ್ತೆ ಅದೇ ಅಪೋ-ಇ. ಡಿಮೆನ್ಶಿಯಾ ಇರುವವರನ್ನು ಲೆಕ್ಕದಿಂದ ತೆಗೆದರೂ ಅದು ಅಲ್ಲಿಯೇ ಉಳಿಯಿತು. ಚಿಕ್ಕಮ್ಮನ ಮಾತಿನಲ್ಲಿ ಹುರುಳಿದೆ ಎಂದಾಯಿತು. ಎಷ್ಟು ಹುರುಳು ಎಂಬುದೇ ಪ್ರಶ್ನೆ.

ಏಟು ಎಂದೆ. ಸೊಂಟದಲ್ಲಿ ರಾಡ್ ಹಾಕಿದ್ದು ಮಿದುಳಿಗೆ ಹೇಗೆ ತಟ್ಟುತ್ತದೆ? ಇಲಿಗಳಿಗೆ ಅರಿವಳಿಕೆ ಕೊಟ್ಟು, ಕಾಲಿನ ಮೂಳೆ ಮುರಿದು ಕೂಡಿಸಿದ ಪ್ರಯೋಗಗಳು 2010ರ ಹೊತ್ತಿಗೆ ಇದನ್ನು ತೋರಿಸಿದವು. ಗಾಯಗೊಂಡ ಅಂಗಾಂಶದಿಂದ ಹೊರಟ ಉರಿಯೂತದ ಸಂದೇಶಗಳು ರಕ್ತದಲ್ಲಿ ಹರಿದು ಮಿದುಳಿನ ಕಾವಲು ಕೋಶಗಳನ್ನು ಕೆರಳಿಸುತ್ತವೆ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಎಡವುತ್ತದೆ. ಆ ಸಂದೇಶವಾಹಕಗಳಲ್ಲೊಂದನ್ನು ಮೊದಲೇ ತಡೆದರೆ ಇಲಿಯ ನೆನಪು ಉಳಿಯುತ್ತದೆ. ಎಳೆಯ, ಗಟ್ಟಿ ಮಿದುಳು ಈ ಅಲೆಯನ್ನು ತಡೆದುಕೊಳ್ಳುತ್ತದೆ. ಒಳಗೊಳಗೇ ಸವೆದ ಮಿದುಳಿನ ಕಥೆ ಮನೆಯ ಯುಪಿಎಸ್‌ನದು: ಕರೆಂಟ್ ಇರುವವರೆಗೆ ಬ್ಯಾಟರಿ ಹಳೆಯದಾಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಆಲ್ಜೈಮರ್ಸ್‌ನ ಬದಲಾವಣೆಗಳು ಮರೆವು ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತವೆ. ‘ಆಪರೇಷನ್ ಆದ ಮೇಲೆಯೇ ಅಮ್ಮನಿಗೆ ಮರೆವು ಬಂದದ್ದು’ ಎನ್ನುವ ಮನೆಗಳಲ್ಲಿ ಕೆಲವದರ ನಿಜ ಇದು.

ಹಾಗೆಂದು ಸನ್ನಿ ಬರೀ ಸೂಚನೆಯಲ್ಲ, ತಾನೂ ಹಾನಿ ಮಾಡುತ್ತದೆ ಎನ್ನುವುದಕ್ಕೆ ಪುರಾವೆಗಳಿವೆ. ಹೃದಯ ಶಸ್ತ್ರಚಿಕಿತ್ಸೆಯಾದ 225 ಜನರ ಅಧ್ಯಯನದಲ್ಲಿ (2012) ಶೇ. 46 ಮಂದಿಗೆ ಸನ್ನಿ ಬಂತು. ಆರು ತಿಂಗಳಾದರೂ ಮೊದಲಿನ ಮಟ್ಟಕ್ಕೆ ಮರಳದವರು ಸನ್ನಿಯಾದವರಲ್ಲಿ ಶೇ. 40, ಆಗದವರಲ್ಲಿ ಶೇ. 24.

ಅಪೋ-ಇಯ ಈ ಲೆಕ್ಕ ಬಹುಪಾಲು ಬಿಳಿಯರ ರಕ್ತದ್ದು. ನಮ್ಮದು? ಹರಿಯಾಣದ ಬಲ್ಲಭಗಢದ ಹಳ್ಳಿಗಳನ್ನೂ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಕಣಿವೆಯನ್ನೂ ಹೋಲಿಸಿದ ಅಧ್ಯಯನವೊಂದಿದೆ. ಅಲ್ಲಿ ನೂರು ಪ್ರತಿಗಳಲ್ಲಿ 11 ಇ4, ಬಲ್ಲಭಗಢದಲ್ಲಿ 7. ಆದರೆ ಇ4 ಇದ್ದವರಿಗೆ ಆಲ್ಜೈಮರ್ಸ್‌ನ ಅಪಾಯ ಎರಡೂ ಕಡೆ ಸುಮಾರಾಗಿ ಒಂದೇ. ನಮ್ಮ ಹತ್ತಿರದ ಉತ್ತರ ತಯಾರಾಗುತ್ತಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿ. ಯಶವಂತಪುರದಿಂದ ಆಟೋ ಹತ್ತಿದರೆ ಹತ್ತು ನಿಮಿಷ, ಟ್ರಾಫಿಕ್ ಇಲ್ಲದಿದ್ದರೆ. ಇಲ್ಲಿನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಮಾವಿನ ತೋಪುಗಳ ಆ ಸೀಮೆಯಲ್ಲಿ, 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ಕೈಗೊಂಡಿದ್ದಾರೆ. ರಕ್ತ, ಜೀನೋಮ್, ಎಂಆರ್‌ಐ, ಕನ್ನಡಕ್ಕೆ ಒಗ್ಗಿಸಿದ ನೆನಪಿನ ಪರೀಕ್ಷೆಗಳು. ಬೆಂಗಳೂರಿನ ನಗರವಾಸಿಗಳಿಗೆ ಇದರದೇ ಒಂದು ಚಿಕ್ಕ ಜೋಡಿ ಅಧ್ಯಯನವಿದೆ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯ ಇಪ್ಪತ್ತು ಸಂಸ್ಥೆಗಳನ್ನು ಹೊಂದಿಸಿದ್ದೂ ಇದೇ ಕೇಂದ್ರ. ಹತ್ತು ಸಾವಿರ ಭಾರತೀಯರ ಜೀನೋಮ್ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅತ್ತ ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನವರು ನಿಮ್ಹಾನ್ಸ್ ಜೊತೆಗೂಡಿ, ಮನೋರೋಗ ಮತ್ತು ಡಿಮೆನ್ಶಿಯಾ ಹಲವರಿಗಿರುವ ಕುಟುಂಬಗಳ ರಕ್ತದಿಂದ ಕಾಂಡಕೋಶ ಬೆಳೆಸಿ ನೋಡುತ್ತಿದ್ದಾರೆ.

ಒಂದು ವಿಷಯವನ್ನು ಜೀನ್‌ನವರು ಮೆಲ್ಲಗೆ ಹೇಳುತ್ತಾರೆ, ಜೋರಾಗಿ ಹೇಳಬೇಕಾದದ್ದು. ಕಡಿಮೆ ಓದಿದವರಿಗೆ ಆಪರೇಷನ್ ನಂತರದ ಕುಸಿತ ಹೆಚ್ಚು ಎಂದು 1998ರ ಅಧ್ಯಯನವೇ ಹೇಳಿತ್ತು. ಬಳಸಿದ ಮಿದುಳಿಗೆ ಒಂದು ಮೀಸಲು ನಿಧಿ ಇರುತ್ತದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತವರ ತಂಡ 2013ರಲ್ಲಿ ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳ ವಿವರ ನೋಡಿದಾಗ, ಎರಡು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಅಕ್ಷರ ಬಾರದವರಲ್ಲೂ ಈ ಲಾಭ ಕಂಡಿತು. ನಮ್ಮ ಬೆಂಗಳೂರಿನ ಆರ್.ಟಿ. ನಗರದಲ್ಲಿ ಮನೆಯಲ್ಲೊಂದು, ಅಂಗಡಿಯಲ್ಲೊಂದು, ಮಗ್ಗುಲ ಮನೆಯವರೊಡನೆ ಇನ್ನೊಂದು ಭಾಷೆ ಆಡಿಕೊಂಡೇ ಮುದುಕರಾದವರು ಎಷ್ಟು ಜನ! ಇದು ಡಿಮೆನ್ಶಿಯಾದ ಲೆಕ್ಕವೇ ಹೊರತು ಸನ್ನಿಯದಲ್ಲ, ನಿಜ. ಆದರೂ ಹುಟ್ಟಿನಿಂದ ಬಂದದ್ದಕ್ಕೆ ಎದುರಾಗಿ ಬದುಕಿನಲ್ಲಿ ಕೂಡಿಟ್ಟದ್ದೂ ತಕ್ಕಡಿಗೆ ಬೀಳುತ್ತದೆ ಎನ್ನಲು ಇಷ್ಟು ಸಾಕು.

ಹಾಗಾದರೆ ಮಂಡಿ ಬದಲಿಸುವ ಮುನ್ನ ಅಪ್ಪನ ಅಪೋ-ಇ ಪರೀಕ್ಷೆ ಮಾಡಿಸಬೇಕೆ? ಎಂಜಲು ಕಳಿಸಿದರೆ ಜಾತಕದಂತೆ ವರದಿ ಬರೆದುಕೊಡುವ ಕಂಪನಿಗಳು ಈಗ ಬೇಕಾದಷ್ಟಿವೆ. ಬೇಡ ಎನ್ನುವುದು ನನ್ನ ಅಭಿಪ್ರಾಯ. ಇ4 ಇದ್ದ ಮಾತ್ರಕ್ಕೆ ಸನ್ನಿ ಬಂದೇ ಬರುತ್ತದೆ ಎಂದಿಲ್ಲ. ಇಲ್ಲದವರಿಗೂ ಧಾರಾಳವಾಗಿ ಬರುತ್ತದೆ. ಇದೆಯೆಂದು ತಿಳಿದರೂ ಮಾಡಬೇಕಾದ ಜಾಗ್ರತೆ ಎಪ್ಪತ್ತು ದಾಟಿದ ಯಾರಿಗಾದರೂ ಮಾಡಬೇಕಾದದ್ದೇ. ಅಪ್ಪನಿಗೆ ಎರಡು ಇ4 ಎಂದು ಬಂದರೆ ಮಕ್ಕಳೆಲ್ಲರಿಗೂ ಒಂದೊಂದು ಇದ್ದೇ ಇದೆ ಎಂದರ್ಥ; ಯಾರೂ ಕೇಳದ ಪ್ರಶ್ನೆಗೆ ಮನೆ ತುಂಬ ಉತ್ತರ. ಇದಕ್ಕಿಂತ ಚಿಕ್ಕಮ್ಮನ ಮಾತು ಉಪಯುಕ್ತ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ತಜ್ಞರು ತಪಾಸಣೆಗೆ ಕರೆದಾಗ ನಾವು ಬಿಪಿ, ಸಕ್ಕರೆ, ಅಲುಗಾಡುವ ಹಲ್ಲು ಇಷ್ಟನ್ನು ಹೇಳಿ ಎದ್ದು ಬರುತ್ತೇವೆ. ಹಿಂದಿನ ಆಪರೇಷನ್ನಿನಲ್ಲಿ ಬಡಬಡಿಸಿದ್ದರು, ಈಚೆಗೆ ಒಂದೇ ಮಾತು ನಾಲ್ಕು ಸಲ ಕೇಳುತ್ತಾರೆ, ರಾತ್ರಿ ನಿದ್ದೆಮಾತ್ರೆ ಇಲ್ಲದೆ ಆಗುವುದಿಲ್ಲ, ಸಂಜೆ ಎರಡು ಪೆಗ್ ಬೇಕು: ಇವನ್ನು ಹೇಳಬೇಕು. ಕೊನೆಯದನ್ನು ಮುಚ್ಚಿಡುವ ಮನೆಗಳೇ ಹೆಚ್ಚು. ಕುಡಿತ ಒಮ್ಮೆಲೇ ನಿಂತಾಗ ಬರುವ ಸನ್ನಿ ಬೇರೆಯೇ ಬಗೆಯದು, ಹೆಚ್ಚು ಅಪಾಯದ್ದು, ಚಿಕಿತ್ಸೆಯೂ ಬೇರೆ.

ಹಾಸಿಗೆಯ ಪಕ್ಕ ಮಾಡುವ ಪರೀಕ್ಷೆ ಜೀನ್ ಪರೀಕ್ಷೆಗಿಂತ ಎಷ್ಟೋ ಅಗ್ಗ. ಎಡಿನ್‌ಬರೋದಲ್ಲಿ ರೂಪುಗೊಂಡ ‘4ಎಟಿ’ ಎಂಬುದಕ್ಕೆ ಎರಡು ಮೂರು ನಿಮಿಷ ಸಾಕು. ರೋಗಿ ಎಚ್ಚರವಾಗಿದ್ದಾರೆಯೇ ಎಂದು ನೋಡಬೇಕು. ವಯಸ್ಸು, ಹುಟ್ಟಿದ ದಿನ, ಇದು ಯಾವ ಜಾಗ, ಯಾವ ಇಸವಿ ಎಂದು ಕೇಳಬೇಕು. ಡಿಸೆಂಬರಿನಿಂದ ತಿಂಗಳುಗಳನ್ನು ಹಿಂದಕ್ಕೆ ಹೇಳಿಸಬೇಕು. ಈ ಬದಲಾವಣೆ ದಿಢೀರನೆ ಬಂತೇ ಎಂದು ಮನೆಯವರನ್ನು ವಿಚಾರಿಸಬೇಕು. ಒಟ್ಟು ಅಂಕ ನಾಲ್ಕು ಅಥವಾ ಹೆಚ್ಚಾದರೆ ಸನ್ನಿಯ ಅನುಮಾನ. ಸ್ಕಾಟ್‌ಲೆಂಡಿನ ಈ ಪ್ರಶ್ನೆಗಳು ನಮ್ಮ ಅಜ್ಜಿಯ ಮುಂದೆ ಮುಗ್ಗರಿಸುವುದನ್ನು ನೋಡಬೇಕು. ಹುಟ್ಟಿದ ದಿನ? ಆಧಾರ್ ಕಾರ್ಡಿನಲ್ಲಿರುವುದು ಶಾಲೆಯ ಮೇಷ್ಟ್ರು ಬರೆದ ಜೂನ್ 1, ಇಲ್ಲವೇ ಜನವರಿ 1. ಅಜ್ಜಿಗೆ ನೆನಪಿರುವುದು ಯಾವುದೋ ಜಾತ್ರೆಯ ಮಾರನೆಯ ದಿನ. ಡಿಸೆಂಬರ್, ನವೆಂಬರ್ ಎಂದು ಹಿಂದಕ್ಕೆ ಬಾರದವರಿಗೆ ಚೈತ್ರ, ವೈಶಾಖ ನಿರರ್ಗಳ. ನಮ್ಮವರಿಗೆ ವಾರಗಳನ್ನು ಹಿಂದಕ್ಕೆ ಹೇಳಿಸುವುದು ಲೇಸು: ಶನಿವಾರ, ಶುಕ್ರವಾರ, ಗುರುವಾರ. ಇಲ್ಲಿ ಅಳೆಯುತ್ತಿರುವುದು ಜ್ಞಾನವನ್ನಲ್ಲ, ಒಂದು ಎಳೆ ಹಿಡಿದು ಏಳು ಹೆಜ್ಜೆ ನಡೆಯುವ ಗಮನವನ್ನು. ಕೂಗಾಡುವವರನ್ನು ಎಲ್ಲರೂ ಗುರುತಿಸುತ್ತಾರೆ. ಗೋಡೆಯ ಕಡೆ ತಿರುಗಿ ಸುಮ್ಮನೆ ಮಲಗಿ, ಊಟ ಬಂದರೂ ಏಳದವರಿಗೂ ಇರುವುದು ಸನ್ನಿಯೇ ಆಗಿರಬಹುದು. ‘ಪಾಪ ಸುಸ್ತು, ಮಲಗಲಿ ಬಿಡಿ’ ಎಂದು ಬಿಟ್ಟುಬಿಡುವ ಈ ಬಗೆಯೇ ಹೆಚ್ಚು ಕಣ್ತಪ್ಪುತ್ತದೆ.

ತಡೆಯುವ ಮದ್ದೆಂದು ಒಪ್ಪಿಕೊಂಡ ಮಾತ್ರೆ ಯಾವುದೂ ಇಲ್ಲ. ತಡೆಯುವ ಕೆಲಸಗಳಿವೆ. ಕನ್ನಡಕ, ಕಿವಿಯ ಮೆಷಿನ್, ಕಟ್ಟಿಸಿದ ಹಲ್ಲು ಇವನ್ನು ಥಿಯೇಟರಿಗೆ ಹೋಗುವಾಗ ಬಿಚ್ಚಿ ಕವರಿನಲ್ಲಿ ಹಾಕಿ ಮನೆಯವರ ಕೈಗೆ ಕೊಡುತ್ತಾರೆ; ಬಹಳ ಸಲ ಅವು ಮನೆಗೇ ಹೋಗಿಬಿಡುತ್ತವೆ. ಕಣ್ಣು ಕಾಣದ, ಕಿವಿ ಕೇಳದ, ರಾತ್ರಿಯೆಲ್ಲ ಟ್ಯೂಬ್‌ಲೈಟ್ ಉರಿಯುವ, ಕಿಟಕಿಯಿಲ್ಲದ ಐಸಿಯುನಲ್ಲಿ ಇಪ್ಪತ್ತೈದರ ಹುಡುಗನೂ ದಿಕ್ಕು ತಪ್ಪುತ್ತಾನೆ. ಅಲರ್ಜಿಗೆ ಕೊಡುವ ಅವಿಲ್, ಮಲಗಲೆಂದು ಕೊಡುವ ಫೆನರ್ಗನ್ ಮತ್ತು ಆಲ್‌ಪ್ರಜೋಲಾಂನಂಥವು ವೃದ್ಧರಲ್ಲಿ ಗೊಂದಲ ಹೆಚ್ಚಿಸುವ ಪಟ್ಟಿಯಲ್ಲಿವೆ. ನೋವಿಗೆ ಸರಿಯಾಗಿ ಔಷಧ ಕೊಡದಿರುವುದೂ ಅಷ್ಟೇ ಕೆಟ್ಟದ್ದು. ಮೂತ್ರದ ಕೊಳವೆ ಬೇಗ ತೆಗೆಯುವುದು, ಮಲ ಕಟ್ಟದಂತೆ ನೋಡುವುದು, ಬಾಯಾರದಂತೆ ನೀರು ಕುಡಿಸುವುದು, ಹಗಲು ಕೂರಿಸಿ ರಾತ್ರಿ ದೀಪ ಆರಿಸುವುದು. ಓದಲು ಚಿಲ್ಲರೆ ಎನಿಸುತ್ತವೆ. 1990ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಶರಾನ್ ಇನೂಯೆ ಇವನ್ನೇ ಒಂದು ಕಾರ್ಯಕ್ರಮವಾಗಿ ಕಟ್ಟಿ, ಆಸ್ಪತ್ರೆ ಸೇರಿದ 852 ವೃದ್ಧರಲ್ಲಿ ಸನ್ನಿಯನ್ನು ಶೇ. 15ರಿಂದ ಶೇ. 9.9ಕ್ಕೆ ಇಳಿಸಿ ತೋರಿಸಿದರು. ಚೀನಾದ ಚೆಂಗ್ದುವಿನಲ್ಲಿ ಅದೇ ಕೆಲಸಗಳನ್ನು ಮನೆಯವರ ಕೈಯಿಂದ ಮಾಡಿಸಿದರು. 2020ರ ವರದಿಯ ಪ್ರಕಾರ, ಆಪರೇಷನ್ ಆದ 281 ಜನರಲ್ಲಿ ಮಾಮೂಲಿ ಆರೈಕೆಯ ಗುಂಪಿಗೆ ಸನ್ನಿ ಶೇ. 19.4, ಮನೆಯವರು ತೊಡಗಿಕೊಂಡ ಗುಂಪಿಗೆ ಶೇ. 2.6. ಯಾವ ಜೀನ್ ಚಿಕಿತ್ಸೆಯೂ ಇಷ್ಟು ಮಾಡಿದ್ದನ್ನು ನಾನು ಓದಿಲ್ಲ.

ಮನೆಯವರ ವಿಷಯದಲ್ಲಿ ನಮ್ಮ ಆಸ್ಪತ್ರೆಗಳದು ವಿಚಿತ್ರ ನಿಲುವು. ವಾರ್ಡಿನಲ್ಲಿ ಅಟೆಂಡರ್ ಇಲ್ಲದೆ ಕೆಲಸವೇ ನಡೆಯದು: ಬೆಡ್‌ಪ್ಯಾನ್, ಗಂಜಿ, ಫಾರ್ಮಸಿಯ ಓಡಾಟ ಎಲ್ಲ ಅವರದೇ. ಐಸಿಯು ಬಾಗಿಲಲ್ಲಿ ಮಾತ್ರ ದಿನಕ್ಕೆ ಹತ್ತು ನಿಮಿಷ, ಒಬ್ಬರಿಗೇ ಪಾಸು. ಸನ್ನಿ ಹೆಚ್ಚಾಗಿ ಬರುವ ಜಾಗ, ಗುರುತಿನ ಮುಖ ಹೆಚ್ಚು ಬೇಕಾದ ಜಾಗ ಅದು. ಸೋಂಕಿನ ಭಯ ಸುಳ್ಳಲ್ಲ. ಕೈ ತೊಳೆಸಿ ಮಗಳನ್ನು ಸಂಜೆಯ ಒಂದೆರಡು ಗಂಟೆ ಪಕ್ಕದಲ್ಲಿ ಕೂರಿಸುವುದಕ್ಕೂ, ರೋಗಿಯ ಎರಡು ಕೈಗಳನ್ನೂ ಗಾಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟುವುದಕ್ಕೂ ನಡುವೆ ಯಾವುದು ಸುಲಭವೋ ಅದನ್ನು ಆರಿಸಿಕೊಳ್ಳುತ್ತಿದ್ದೇವೆ. ಯಲಹಂಕದ ಅಪಾರ್ಟ್‌ಮೆಂಟುಗಳಲ್ಲಿ ಇಬ್ಬರೇ ಉಳಿದ ತಂದೆತಾಯಿಯರ ಮಕ್ಕಳು ಅಮೆರಿಕದಲ್ಲಿರುತ್ತಾರೆ. ಅಂಥವರಿಗೆ ಪಕ್ಕ ಕೂರುವವರು ಯಾರು ಎಂಬುದನ್ನು ಆಪರೇಷನ್ ದಿನಾಂಕ ಗೊತ್ತು ಮಾಡುವಾಗಲೇ ಯೋಚಿಸಬೇಕು.

ಹೆಚ್ಚಿನವರು ಕೆಲವು ದಿನಗಳಲ್ಲಿ ತಿಳಿಯಾಗುತ್ತಾರೆ. ಅಜ್ಜಿ ಮನೆಗೆ ಬಂದು, ನಾನು ಹಾಗೆಲ್ಲ ಆಡಿದೆನೇ ಎಂದು ನಾಚುತ್ತಾರೆ. ಕೆಲವರಿಗೆ ಆ ರಾತ್ರಿಗಳ ಭಯ ಪೂರ್ತಿ ನೆನಪಿರುತ್ತದೆ, ಹೇಳಿಕೊಳ್ಳುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ರಾಡಿನ ಅಳತೆ, ಇಂಪ್ಲಾಂಟಿನ ಸ್ಟಿಕ್ಕರ್, ಹದಿನಾಲ್ಕು ರಕ್ತಪರೀಕ್ಷೆಗಳ ಫಲಿತಾಂಶ ಎಲ್ಲ ಇರುತ್ತದೆ. ಎರಡನೇ ರಾತ್ರಿಯ ಸುದ್ದಿ ಇರುವುದಿಲ್ಲ. ಅದನ್ನು ಬರೆಸಿಕೊಳ್ಳಿ. ‘ಆಪರೇಷನ್ ನಂತರ ಡೆಲಿರಿಯಂ, ಇಷ್ಟು ದಿನ’ ಎಂಬ ಒಂದು ಸಾಲು. ಆ ರಾತ್ರಿ ಶುರು ಮಾಡಿದ ನಿದ್ದೆಯ ಅಥವಾ ಸಮಾಧಾನದ ಮಾತ್ರೆ ಯಾವ ತಾರೀಕಿಗೆ ನಿಲ್ಲಬೇಕೆಂದು ಅದರ ಪಕ್ಕದಲ್ಲೇ ಬರೆಸಿ. ಇಲ್ಲದಿದ್ದರೆ ಮೆಡಿಕಲ್ ಶಾಪಿನವರು ಅದೇ ಚೀಟಿಗೆ ತಿಂಗಳುಗಟ್ಟಲೆ ಕೊಡುತ್ತಲೇ ಇರುತ್ತಾರೆ. ಮೂರು ತಿಂಗಳಿಗೆ ಮೂಳೆ ಕೂಡಿತೇ ಎಂದು ಎಕ್ಸ್‌ರೇಗೆ ಹೋಗುತ್ತೀರಲ್ಲ, ಅದೇ ವಾರ ನೆನಪಿನ ತಪಾಸಣೆಯನ್ನೂ ಮಾಡಿಸಿ. ಇನ್ನೊಂದು ಕಣ್ಣಿನ ಪೊರೆಯೋ ಇನ್ನೊಂದು ಮಂಡಿಯೋ ಬಾಕಿಯಿದ್ದರೆ, ಮುಂದಿನ ಅರಿವಳಿಕೆ ತಜ್ಞರು ಮೊದಲು ಕೇಳಬೇಕಾದದ್ದು ಆ ಒಂದು ಸಾಲನ್ನೇ.